ಹುಸೇನಸಾಬನ ಬಲಗಾಲು

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠವಿತ್ತು. ಮಠಕ್ಕೆ ಒಂದು ದೊಡ್ಡ ಕಾರಿತ್ತು.

ಯಾವುದೋ ಕಾಲದಲ್ಲಿ ಒಬ್ಬ ದೇಸಾಯರು ಹಡಗಿನಲ್ಲಿ ತರಿಸಿ, ಕೊನೆಗಾಲದಲ್ಲಿ ಮಠಕ್ಕೆ ಬಿಟ್ಟುಹೋದ ಅಮೆರಿಕದ ಕಾರು. ಹಸಿರು ಬಣ್ಣ. ಮುಂದಿನ ಸೀಟಿನಲ್ಲೇ ಮೂವರು ಆರಾಮಾಗಿ ಕೂರಬಹುದಾದಷ್ಟು ಅಗಲ.

ಮಠದ ಗುರುಗಳು ಪರ್ವತಯ್ಯ ಅಜ್ಜಾರು. ಭಕ್ತರ ಊರುಗಳಿಗೆ ಅವರು ಹೋಗಿಬರುತ್ತಿದ್ದದ್ದು ಆ ಕಾರಿನಲ್ಲೇ. ನಡೆಸುತ್ತಿದ್ದವನು ಹುಸೇನಸಾಬ. ಮೂವತ್ತು ವರ್ಷದಿಂದ ಅವನೊಬ್ಬನೇ.

ಅಡಿವೆಪ್ಪ ಅಜ್ಜಾರ ಶಿಷ್ಯ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಹನ್ನೆರಡು ವರ್ಷ ಮೆಕ್ಯಾನಿಕನಾಗಿದ್ದು, ಒಂದು ದಿನ ಎಲ್ಲ ಬಿಟ್ಟು ಬಂದವನು. ಬಂದು ಮೂರು ವರ್ಷವಾಗಿತ್ತು. ಆ ಕಸುಬನ್ನು ತಾನು ದಾಟಿ ಬಂದಿದ್ದೇನೆ ಎಂಬ ಹೆಮ್ಮೆಯೂ ಒಂದಿಷ್ಟು ಇತ್ತು, ಸುಳ್ಳೇಕೆ ಹೇಳಬೇಕು.

ಒಂದು ಮುಂಜಾನೆ ಹುಸೇನಸಾಬ ಕಾರಿನಿಂದ ಇಳಿಯುತ್ತ ಬಾಗಿಲು ಹಿಡಿದು ನಿಂತುಬಿಟ್ಟ. ಬಲ ಮೊಣಕಾಲು ಮಡಚಲು ಬರಲಿಲ್ಲ.

ಅಜ್ಜಾರು ನೋಡಿದರು. ಶಿಷ್ಯನನ್ನು ಕರೆದರು.

“ಅಡಿವೆಪ್ಪ, ಹುಸೇನನ ಕಾಲು ನೋಯಾಕ ಹತ್ತೇತಿ. ಗಾಡಿ ರಿಪೇರಿ ಮಾಡು.”

“ಕಾಲು ನೋವಿಗೆ ಡಾಕ್ಟರ್ ಬೇಕಲ್ರಿ ಅಜ್ಜಾರ?”

“ಡಾಕ್ಟರಿಗೆ ತೋರಿಸೇವಿ. ತಿಕ್ಕಾಕ ಎಣ್ಣಿ ಕೊಟ್ಟಾರ. ನೀ ಗಾಡಿ ನೋಡು.”

ಅಡಿವೆಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಹೋದ.

ಕಾರು ನಡೆಸಿ ನೋಡಿದ. ಬ್ರೇಕು ಕಲ್ಲು ತುಳಿದಂತಿತ್ತು. ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಪೆಡಲನ್ನು ನಾಲ್ಕು ಸಲ ತುಳಿದ. ಐದನೇ ಸಲ ತುಳಿದು, ಕಾಲು ತೆಗೆಯದೆ ಎಂಜಿನ್ ಶುರು ಮಾಡಿದ. ಪವರ್ ಬ್ರೇಕು ಸರಿ ಇದ್ದರೆ ಆಗ ಪೆಡಲು ತಾನಾಗಿ ತುಸು ಕೆಳಗಿಳಿಯಬೇಕು. ಇಳಿಯಲಿಲ್ಲ.

ಬಾನೆಟ್ ಎತ್ತಿದ. ಎರಡು ತಾಟು ಎದುರುಬದುರು ಮುಚ್ಚಿಟ್ಟಂಥ ದುಂಡು ಡಬ್ಬಿಯೊಂದು ಅಲ್ಲಿತ್ತು. ಮೆಕ್ಯಾನಿಕರು ಅದನ್ನು ಬೂಸ್ಟರ್ ಅನ್ನುತ್ತಾರೆ. ತುಳಿಯುವವನ ಕಾಲಿಗೆ ಎಂಜಿನ್ನಿನ ಬಲವನ್ನೂ ಸೇರಿಸಿಕೊಡುವುದು ಅದರ ಕೆಲಸ. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಪರದೆ ಉದ್ದಕ್ಕೂ ಸೀಳಿತ್ತು. ಸೀಳಿನ ಅಂಚು ಕಪ್ಪಾಗಿ ಗಟ್ಟಿಯಾಗಿತ್ತು.

ಅಡಿವೆಪ್ಪನಿಗೆ ಏನೋ ಹೊಳೆದಂತಾಯಿತು. ಮೂರು ವರ್ಷದಿಂದ ಕಾಯುತ್ತಿದ್ದದ್ದು ಇದೇ ಇರಬೇಕು ಅಂದುಕೊಂಡು ಓಡಿದ.

“ಅಜ್ಜಾರ, ಆ ಡಬ್ಬಿಯೊಳಗ ಒಂದು ಕಡೆ ಗಾಳಿ, ಇನ್ನೊಂದು ಕಡೆ ಗಾಳೀನೂ ಇಲ್ಲದ ಬರೇ ಬಯಲು. ಗಾಳಿ ಬಯಲಿನ ಕಡೆ ನುಗ್ಗತೈತಿ. ಆ ನುಗ್ಗಾಟಕ್ಕ ಬ್ರೇಕ್ ಹಿಡೀತೈತಿ. ಅಂದ್ರ ಗಾಡಿ ನಿಲ್ಲಸೂದು ಬಯಲು. ಮನಷ್ಯಾಂದೂ ಹಂಗ ಅಲ್ಲೇನ್ರಿ? ಒಳಗ ಬಯಲಾದ್ರ...”

“ಏನಾಗೇತಿ ಅದಕ್ಕ?”

“ರಬ್ಬರ್ ಹರದೈತ್ರಿ.”

“ಅದನ್ನ ಹೇಳು.”

ಅಡಿವೆಪ್ಪ ಸಪ್ಪಗಾದ. “ಹರದು ಹದಿನೈದು ವರ್ಷರೆ ಆಗಿರಬೇಕ್ರಿ. ಅಷ್ಟು ದಿನ ನೀವು ಸತ್ತ ಬ್ರೇಕಿನ ಗಾಡ್ಯಾಗ ಕುಂತು ಅಡ್ಡಾಡೀರಿ.”

“ಇಲ್ಲಪಾ. ಹುಸೇನನ ಕಾಲ ಮ್ಯಾಲೆ ಕುಂತು ಅಡ್ಡಾಡೇನಿ.”

ಅಡಿವೆಪ್ಪ ಸಿಟ್ಟಿನಿಂದಲೇ ಹುಸೇನಸಾಬನ ಹತ್ತಿರ ಹೋದ.

“ಕಾಕಾ, ಬ್ರೇಕ್ ಇಷ್ಟು ಗಟ್ಟಿ ಆಗೇತಿ. ನಿಮಗ ಗೊತ್ತಾಗಲಿಲ್ಲೇನು?”

“ಗಟ್ಟಿ ಎಲ್ಲೈತಿ ತಮ್ಮಾ? ಬ್ರೇಕ್ ಅಂದ್ರ ಹಂಗ ಇರತೈತಿ.”

ಅವನ ಮುಖದಲ್ಲಿ ಸುಳ್ಳಿನ ಸುಳಿವಿರಲಿಲ್ಲ. ದಿನಕ್ಕೆ ಕೂದಲೆಳೆಯಷ್ಟು ಗಟ್ಟಿಯಾದ ಪೆಡಲಿಗೆ ಅವನ ಕಾಲೂ ದಿನಕ್ಕೆ ಕೂದಲೆಳೆಯಷ್ಟು ಬಲ ಸೇರಿಸುತ್ತ ಬಂದಿತ್ತು. ಕಾಲು ಯಾರಿಗೂ ಹೇಳಿರಲಿಲ್ಲ, ಹುಸೇನಸಾಬನಿಗೂ.

ಅಡಿವೆಪ್ಪ ತಿರುಗಿ ಅಜ್ಜಾರ ಮುಂದೆ ನಿಂತ.

“ಹಳೇದನ್ನ ಸರಿ ಮಾಡ್ಲೋ, ಇಡೀ ಡಬ್ಬಿ ತಗದು ಹೊಸದು ಹಾಕ್ಲೋ?”

“ಕೆಟ್ಟದ್ದು ಯಾವುದು ಅಂತ ನಿನಗ ಪಕ್ಕಾ ಗೊತ್ತೈತೇನು?”

“ರಬ್ಬರ್ರಿ.”

“ಹಂಗಾದ್ರ ರಬ್ಬರ್ ಹಾಕು.”

ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಎರಡು ದಿನ ಅಲೆದು ಅಳತೆಗೆ ಸರಿಯಾದ ಪರದೆ ತಂದ. ಹಾಕಿದ. ಡಬ್ಬಿ ಮುಚ್ಚಿದ. ಮತ್ತೆ ನಾಲ್ಕು ಸಲ ತುಳಿದು, ಐದನೇ ಸಲ ಹಿಡಿದು ಎಂಜಿನ್ ಶುರು ಮಾಡಿದ. ಪೆಡಲು ಕಾಲಿನಡಿಯಲ್ಲಿ ಮೆಲ್ಲಗೆ ಇಳಿಯಿತು. ತಾನೇ ಹೊಳೆಯತನಕ ನಡೆಸಿ ನೋಡಿದ. ಬೆಣ್ಣೆಯಂಥ ಬ್ರೇಕು. ಆ ದಿನ ಉಗುರಿನ ಸಂದಿಯ ಗ್ರೀಸು ತೊಳೆಯದೆಯೇ ಉಂಡ, ಎರಡು ರೊಟ್ಟಿ ಹೆಚ್ಚಿಗೆ.

ಮರುದಿನ ಅಜ್ಜಾರು ಮುಂದಿನ ಸೀಟಿನಲ್ಲಿ ಕೂತರು. ಅಡಿವೆಪ್ಪ ಹಿಂದೆ. ಹುಸೇನಸಾಬ ನಡೆಸಿದ.

ಮಠದ ಅಗಸೆ ಬಾಗಿಲು ದಾಟುತ್ತಲೇ ಒಂದು ಆಡು ಅಡ್ಡ ಬಂತು. ಹುಸೇನಸಾಬ ದಿನದಂತೆ ಬ್ರೇಕು ತುಳಿದ.

ಕಾರು ಗೋಡೆಗೆ ಬಡಿದಂತೆ ನಿಂತಿತು. ಅಜ್ಜಾರ ಹಣೆ ಎದುರಿನ ಗಾಜಿಗೆ ಹೋಗಿ ಬಡಿಯಿತು. ಬಿಳಿ ಹುಬ್ಬಿನ ಮೇಲಿಂದ ರಕ್ತ ಇಳಿಯಿತು. ಆಡು ತನ್ನ ಪಾಡಿಗೆ ಹೋಯಿತು.

ಹುಸೇನಸಾಬ ತನ್ನ ರುಮಾಲು ಬಿಚ್ಚಿ ಅಜ್ಜಾರ ಹಣೆಗೆ ಒತ್ತಿಹಿಡಿದ. ಗಾಯಕ್ಕೆ ಪಟ್ಟಿ ಕಟ್ಟಿಯಾದ ಮೇಲೆ ಕಾರಿನ ಕೀಲಿ ತಂದು ಅಜ್ಜಾರ ಪಾದದ ಹತ್ತಿರ ಇಟ್ಟ.

“ಇನ್ನ ನಾ ಈ ಗಾಡಿ ಮುಟ್ಟೂದಿಲ್ರಿ.”

“ಯಾಕ?”

“ನಿಮ್ಮನ್ನ ಹುಷಾರಾಗಿ ಒಯ್ಯೂದು, ತರೂದು. ನಾ ಕಲ್ತದ್ದು ಅದೊಂದ. ಈಗ ಅದೂ ಬರಂಗಿಲ್ಲ ಅಂದ್ರ ಮಠದಾಗ ನಂದೇನು ಕೆಲಸ?”

ಹೋಗಿ ಬೇವಿನ ಮರದ ಬುಡದಲ್ಲಿ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ.

ಅಡಿವೆಪ್ಪನಿಗಂತೂ ತಲೆ ಕೆಟ್ಟುಹೋಯಿತು. ಬ್ರೇಕು ಕೆಟ್ಟಿದ್ದಾಗ ಹದಿನೈದು ವರ್ಷ ಒಂದು ಹನಿ ರಕ್ತ ಬೀಳಲಿಲ್ಲ. ಸರಿ ಮಾಡಿದ ಮರುದಿನವೇ ಗುರುವಿನ ಹಣೆ ಒಡೆಯಿತು. ತನ್ನ ಕಾಲಿಗೆ ಹೊಂದಿದ ಬ್ರೇಕನ್ನು ಒಂದು ಮಾತೂ ಹೇಳದೆ ಇನ್ನೊಬ್ಬನ ಕಾಲಿಗೆ ಕೊಟ್ಟಿದ್ದ. ಅದು ಅವನಿಗೆ ಈಗ ತಿಳಿದಿತ್ತು. ಮುಂದೇನು ಎಂಬುದು ತಿಳಿದಿರಲಿಲ್ಲ.

“ಅಜ್ಜಾರ, ಹಳೇ ರಬ್ಬರ್ ತಿರುಗಿ ಹಾಕಲೇನ್ರಿ?”

“ಮೊಣಕಾಲು?”

ಅಡಿವೆಪ್ಪ ಅಜ್ಜಾರ ಪಾದದ ಹತ್ತಿರವಿದ್ದ ಕೀಲಿ ಎತ್ತಿಕೊಂಡ.

“ಹಂಗಾದ್ರ ಇನ್ನ ಮ್ಯಾಲೆ ನಾನ ನಡಸ್ತೀನ್ರಿ.”

“ನಡಸು.”

ಅಜ್ಜಾರನ್ನು ಕೂರಿಸಿಕೊಂಡು ಪಕ್ಕದ ಊರಿಗೆ ಹೋಗಿಬಂದ. ತಗ್ಗು, ತಿರುವು, ಸಂತೆಯ ಗದ್ದಲ, ಎಲ್ಲಿಯೂ ಒಂದು ಕುಲುಕಿಲ್ಲ. ಮಠದ ಮುಂದೆ ನಿಲ್ಲಿಸಿ ಕೇಳಿದ:

“ಹೆಂಗಾತ್ರಿ?”

“ಅಂಜಿಕಿ ಆತು.”

“ಎಲ್ಲೀನೂ ಕುಲುಕಲಿಲ್ಲಲ್ರಿ?”

“ಹುಸೇನ ಬ್ರೇಕ್ ತುಳಿಯೂಕಿಂತ ಮುಂಚೆ ಒಂದ್ ಸಲ ನನ್ನ ಕಡೆ ನೋಡ್ತಾನ. ನೀ ರಸ್ತಾ ಅಷ್ಟ ನೋಡಿದಿ.”

“ನಡಸಾಂವ ರಸ್ತಾನ ನೋಡಬೇಕಲ್ರಿ?”

“ಹೌದು,” ಎಂದು ಅಜ್ಜಾರು ಇಳಿದು ಒಳಗೆ ಹೋದರು.

ಅಡಿವೆಪ್ಪ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದ. ತಾನು ಮಾಡಿದ್ದು ಸರಿಯೋ ತಪ್ಪೋ? ಹೌದು ಅಂದದ್ದು ಯಾವುದಕ್ಕೆ? ಗ್ಯಾರೇಜಿನಲ್ಲಿ ಹೀಗಿರಲಿಲ್ಲ. ಅಲ್ಲಿ ಮೇಸ್ತ್ರಿ ಬೈದರೆ ತಪ್ಪು, ಚಹಾ ಕುಡಿಸಿದರೆ ಸರಿ.

ಮಧ್ಯಾಹ್ನ ಅಜ್ಜಾರು ಇಬ್ಬರನ್ನೂ ಕರೆದು ಕಾರಿನ ಸಮೇತ ಹೊಳೆಗೆ ಕರೆದೊಯ್ದರು. ಬೇಸಿಗೆಯಲ್ಲಿ ನೀರು ಆಚೆ ದಂಡೆಗೆ ಸರಿದು, ಈಚೆಗೆಲ್ಲ ನೆಲ ಒಣಗಿ ಗಟ್ಟಿಯಾಗಿತ್ತು.

“ಹುಸೇನಾ, ನಿನ್ನ ಜಾಗಾದಾಗ ಕೂಡು.”

“ಬ್ಯಾಡ್ರಿ ಅಜ್ಜಾರ.”

“ಕೂಡು.”

ಹುಸೇನಸಾಬ ಕೂತ. ಅಜ್ಜಾರು ಶಿಷ್ಯನ ಕಡೆ ತಿರುಗಿದರು.

“ಅಡಿವೆಪ್ಪ, ನೀ ಆ ಕಡೆ ಬಾಗಲದಿಂದ ಒಳಗ ಹೋಗಿ ಸೀಟಿನ ಮುಂದ ಕಾಲಿಡೂ ಜಾಗಾದಾಗ ಮಲಕ್ಕೋ. ಬ್ರೇಕಿನ ಪೆಡಲಿನ ಮ್ಯಾಲೆ ನಿನ್ನ ಅಂಗೈ ಇಡು.”

“ಕೈಯೇನ್ರಿ?”

“ಕೈ. ಹುಸೇನಾ, ಆ ಕೈ ಮ್ಯಾಲೆ ನಿನ್ನ ಕಾಲಿಟ್ಟು ಗಾಡಿ ನಿಲ್ಲಸು.”

ಹುಸೇನಸಾಬ ಕಾಲು ಹಿಂದಕ್ಕೆಳೆದುಕೊಂಡ. “ಜಪ ಮಾಡೂ ಕೈ ಅದು. ಅದನ್ನ ತುಳಿ ಅಂದ್ರ ಹೆಂಗ್ರಿ?”

ಅಡಿವೆಪ್ಪನಿಗೂ ಮನಸ್ಸಿರಲಿಲ್ಲ. ಮೂರು ವರ್ಷದಿಂದ ಅವನ ಕೈ ಮುಟ್ಟಿದ ಪಾದ ಗುರುವಿನದೊಂದೇ. ಇದು ಬ್ರೇಕಿನ ರಿಪೇರಿಯೋ, ತನ್ನ ಹೆಮ್ಮೆಯ ರಿಪೇರಿಯೋ, ಅವನಿಗೆ ಗೊತ್ತಾಗಲಿಲ್ಲ. ಕೇಳಿದರೆ ಇನ್ನಷ್ಟು ಗೊಂದಲವಾಗುತ್ತದೆಂಬುದು ಮಾತ್ರ ಗೊತ್ತಿತ್ತು. ಸುಮ್ಮನೆ ಮಲಗಿ ಕೈ ಇಟ್ಟ.

ಅಜ್ಜಾರು ಇಪ್ಪತ್ತು ಮಾರು ದೂರ ನಡೆದು, ಕಾರಿನ ಎದುರಿಗೆ ತಿರುಗಿ ನಿಂತರು. ಹಣೆಯ ಪಟ್ಟಿ ದೂರಕ್ಕೂ ಕಾಣುತ್ತಿತ್ತು.

“ಮೆಲ್ಲಕ ಬಾ. ನನ್ನ ಹತ್ರ ಬಂದು ನಿಲ್ಲು.”

ಕಾರು ನಡಿಗೆಯ ವೇಗದಲ್ಲಿ ಹೊರಟಿತು. ಹುಸೇನಸಾಬನ ಕಾಲು ಅಡಿವೆಪ್ಪನ ಕೈಯ ಮೇಲೆ ಬಂದು ಕೂತಿತು, ಆದರೆ ಒತ್ತಲಿಲ್ಲ. ಕಾರು ನಿಲ್ಲದೆ ಮುಂದೆ ಹೋಯಿತು. ಅಜ್ಜಾರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

“ಇನ್ನೊಮ್ಮೆ.”

ಎರಡನೇ ಸಲವೂ ಒತ್ತಲಿಲ್ಲ. ಅಜ್ಜಾರು ಮತ್ತೆ ಸರಿದರು. ಮೂರನೇ ಸಲ ಹೊರಡುವ ಮುಂಚೆ ಅಡಿವೆಪ್ಪ ಕೆಳಗಿನಿಂದ ಹೇಳಿದ:

“ಒತ್ರಿ ಕಾಕಾ.”

“ನೋವಾಗತೈತಿ ತಮ್ಮಾ.”

“ಆದ್ರ ಹೇಳ್ತೀನ್ರಿ. ಒತ್ರಿ.”

ಕಾರು ಹೊರಟಿತು. ಕಾಲು ಇಷ್ಟೇ ಇಷ್ಟು ಒತ್ತಿತು.

“ಈಗ?”

“ಇನ್ನೊಂದೀಟು.”

“ಈಗ?”

“ಸಾಕ್ರಿ.”

ಕಾರು ನಿಂತಿತು. ನಿಂತದ್ದು ಮಲಗಿದ್ದ ಅಡಿವೆಪ್ಪನಿಗೆ ಗೊತ್ತೇ ಆಗಲಿಲ್ಲ. ಅಜ್ಜಾರು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟ ಸಪ್ಪಳ ಕೇಳಿದಾಗಲೇ ಗೊತ್ತಾಯಿತು.

ಮೂರು ದಿನ ಹೀಗೇ ನಡೆಯಿತು. ಕೆಳಗೆ ಮಲಗಿದವನಿಗೆ ರಸ್ತೆ ಕಾಣುವುದಿಲ್ಲ, ಹೊಳೆ ಕಾಣುವುದಿಲ್ಲ, ಗುರು ಕಾಣುವುದಿಲ್ಲ. ಒಂದು ಬಿರುಕುಬಿಟ್ಟ ಹಿಮ್ಮಡಿ ಕಾಣುತ್ತದೆ. ಆ ಕಾಲು ಪ್ರತಿ ಸಲ ಇಳಿಯುವ ಮುಂಚೆ ಗಾಳಿಯಲ್ಲಿ ಒಂದು ಕ್ಷಣ ತಡೆಯುತ್ತಿತ್ತು. ಎಷ್ಟು ಬಲವಿತ್ತು ಆ ಕಾಲಿನಲ್ಲಿ. ಒಂದು ಸಲ ಮರೆತು ತುಳಿದಿದ್ದರೂ ಅವನ ಬೆರಳು ಪುಡಿಯಾಗುತ್ತಿದ್ದವು. ಒಂದು ಸಲವೂ ಮರೆಯಲಿಲ್ಲ. ಎರಡನೇ ದಿನ ಅಡಿವೆಪ್ಪನಿಗೆ ಅಳು ಬಂತು. ಯಾಕೆಂದು ಅವನಿಗೇ ತಿಳಿಯಲಿಲ್ಲ. ಕಣ್ಣಿಗೆ ಧೂಳು ಬಿತ್ತು ಅಂದ. ಹುಸೇನಸಾಬ ಕಾರು ನಿಲ್ಲಿಸಿ ನೀರು ತಂದುಕೊಟ್ಟ.

ನಾಲ್ಕನೇ ದಿನ ಅಜ್ಜಾರು ಮುಂದಿನ ಸೀಟಿನಲ್ಲಿ ಬಂದು ಕೂತರು.

“ಅಡಿವೆಪ್ಪ, ಇವತ್ತು ನೀ ಹಿಂದ ಕೂಡು.”

ಹುಸೇನಸಾಬನ ಮುಖ ಕಪ್ಪಿಟ್ಟಿತು. “ಕೈ ಇಲ್ಲದ ನಡಸೂದೇನ್ರಿ? ಮತ್ತ ನಿಮಗ ಪೆಟ್ಟು ಬಿದ್ರ?”

“ಬಿದ್ರ ಇನ್ನೊಂದು ಪಟ್ಟಿ ಕಟ್ಟು. ನಡಿ.”

ಕಾರು ಅಗಸೆ ದಾಟಿತು, ಏರು ಹತ್ತಿತು, ಊರು ಸೇರಿತು. ಅಡಿವೆಪ್ಪ ಹಿಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ. ಶಾಲೆಯ ಮುಂದೆ ಮಕ್ಕಳ ಗುಂಪೊಂದು ಚೆಂಡಿನ ಹಿಂದೆ ಒಮ್ಮೆಲೇ ರಸ್ತೆಗೆ ನುಗ್ಗಿತು.

ಹುಸೇನಸಾಬನ ಕಣ್ಣು ಒಮ್ಮೆ ಅಜ್ಜಾರ ಕಡೆ ಸರಿದು ಬಂತು. ಕಾಲು ಇಳಿಯಿತು.

ಕಾರು ನಿಂತಿತು. ಅಜ್ಜಾರ ತೊಡೆಯ ಮೇಲಿದ್ದ ಕೈ ತೊಡೆಯ ಮೇಲೆಯೇ ಇತ್ತು. ಮಕ್ಕಳು ಚೆಂಡು ಎತ್ತಿಕೊಂಡು ಹೋದರು. ಹುಸೇನಸಾಬ ಕಣ್ಣೊರೆಸಿಕೊಂಡು ಗೇರು ಹಾಕಿದ.

ತಿರುಗಿ ಬಂದಾಗ ಅವನು ಕೀಲಿಯನ್ನು ಯಾರಿಗೂ ಕೊಡಲಿಲ್ಲ. ತನ್ನ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಊಟಕ್ಕೆ ಹೋದ.

ಅಡಿವೆಪ್ಪ ಅಜ್ಜಾರ ಹಿಂದೆಯೇ ಹೊಳೆಯ ಮೆಟ್ಟಿಲತನಕ ನಡೆದ.

“ಅಜ್ಜಾರ, ಒಂದು ಕೇಳ್ಲೇನ್ರಿ?”

“ಕೇಳು.”

“ಮೂರು ದಿನ ನನ್ನ ಕೈ ಅಲ್ಲಿತ್ತು. ಹಗುರಕ ಒತ್ತಿದ್ರು, ಅದು ತಿಳೀತು. ಇವತ್ತು ನಾ ಹಿಂದ ಕುಂತಿದ್ದೆ. ಅವರಿಗೂ ಗೊತ್ತಿತ್ತು. ಮಕ್ಕಳು ಒಮ್ಮೆಲೆ ಅಡ್ಡ ಬಂದ್ರು. ಇಚಾರ ಮಾಡಾಕ ಹೊತ್ತ ಇರಲಿಲ್ಲ. ಆದ್ರೂ ಆ ಕಾಲು ಅಷ್ಟ ಹಗುರ ಇಳೀತು. ಹೆಂಗ್ರಿ?”

ಅಜ್ಜಾರು ಒಣಗಿದ ಕೊನೆಯ ಮೆಟ್ಟಿಲ ಮೇಲೆ ಕಾಲಿಳಿಬಿಟ್ಟು ಕೂತರು.

“ಕೈ ತಗದೀ ಅಂತ ಆ ಕಾಲಿಗೆ ಯಾರು ಹೇಳ್ಯಾರ?”