ಕಿಟಕಿ ಪಕ್ಕ ಕೂತ ಸ್ಟಾರ್ಟರ್

ಹತ್ತಿರ ಬನ್ನಿ, ಆದರೆ ಈಗಲೇ ನಗಬೇಡಿ. ಮೊದಲೇ ನಕ್ಕು ಮುಗಿಸಿದರೆ ಕೊನೆಗೆ ನಗುವುದಕ್ಕೆ ಉಸಿರು ಉಳಿಯುವುದಿಲ್ಲ.

ಹೊಳೆ ಕಡಲು ಸೇರುವ ಅಳಿವೆಯ ಬದಿಗೆ ಒಂದು ಊರು. ಅಲ್ಲಿ ಮಾಸ್ತಮ್ಮ, ಅವಳಿಗೊಬ್ಬ ಮಗ ಜಟ್ಟು. ವಯಸ್ಸು ಇಪ್ಪತ್ತೈದು, ತೋಳಿನ ಬಲ ಇಬ್ಬರದು, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಿನಿಂದ ಇಳಿದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯಿಲ್ಲ. ನನ್ನನ್ನು ಕೇಳಿದರೆ ಅಂಥವನನ್ನು ಪೆದ್ದ ಅನ್ನಬಾರದು. ಆದರೆ ನನ್ನನ್ನು ಯಾರು ಕೇಳುತ್ತಾರೆ?

ಸತ್ತ ಗಂಡನ ಹಳೆಯ ಬೋಟೊಂದೇ ಮಾಸ್ತಮ್ಮನ ಆಸ್ತಿ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯಲು ಇನ್ನು ಮೂರೇ ದಿನ. ಬೋಟು ನಡೆಸುವ ಸುಬ್ರಾಯ ತಾಂಡೇಲ ಬಂದು ಕೀಲಿ ತಿರುಗಿಸಿದ. ಟಕ್. ಮತ್ತೆ ತಿರುಗಿಸಿದ. ಟಕ್. ಎಂಜಿನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರು ಕೆಟ್ಟು ಕೂತಿತ್ತು.

"ಮಾಸ್ತಕ್ಕಾ, ಈಗಲೇ ಹೇಳ್ತೆ," ಅಂದ ತಾಂಡೇಲ. "ಮೊದಲ ದಿನ ನಿನ್ನ ಬೋಟು ಹೊರಡದಿದ್ರೆ ನಾನೂ ಆಳುಗಳೂ ಬೇರೆ ಬೋಟು ಹತ್ತೂದೇ. ಎರಡು ತಿಂಗ್ಳು ಕೂತು ಉಂಡಾಯ್ತು."

ಒಮ್ಮೆ ಬೇರೆ ಬೋಟು ಹತ್ತಿದ ಆಳು ಆ ವರ್ಷವಿಡೀ ಅಲ್ಲೇ. ಆಮೇಲೆ ಮಾಸ್ತಮ್ಮನ ಬೋಟು ಕಾಗೆ ಕೂರುವುದಕ್ಕೆ. ತಾಂಡೇಲ ಸ್ಟಾರ್ಟರ್ ಬಿಚ್ಚಿಕೊಟ್ಟ. ಅವಳು ಅದನ್ನು ಮಗನ ಕೈಗಿಟ್ಟಳು.

"ಜಟ್ಟೂ, ಆಚೆ ದಡದ ಪಾಸ್ಕಲ್ ಮೇಸ್ತ್ರಿಗೆ ಕೊಡು. ನೆಟ್ಟಗೆ ಹೋಗು. ಅತ್ತಿತ್ತ ತಿರುಗಬೇಡ."

"ಆಯ್ತಮ್ಮಾ."

ರಸ್ತೆ ಸೇತುವೆ ಸುತ್ತಿಕೊಂಡು ಹೋಗುತ್ತದೆ. ಸುತ್ತಿದರೆ ತಿರುಗಿದ ಹಾಗಲ್ಲವೇ? ಜಟ್ಟು ಸ್ಟಾರ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ನೆಟ್ಟಗೆ ಹೊಳೆಗೆ ಇಳಿದ, ನೆಟ್ಟಗೆ ಈಜಿದ, ನೆಟ್ಟಗೆ ಮೇಸ್ತ್ರಿಯ ಮುಂದೆ ನಿಂತ. ಸ್ಟಾರ್ಟರಿನೊಳಗಿಂದ ಉಪ್ಪುನೀರು ಸುರಿಯಿತು, ಜೊತೆಗೊಂದು ಸಿಗಡಿ.

"ಇದರ ಕತೆ ಮುಗೀತು ಮಾರಾಯಾ," ಅಂದ ಮೇಸ್ತ್ರಿ. "ಹೊಸದೇ ಬೇಕು. ಯಾವುದು ಹೊಂದ್ತದೆ ಅಂತ ನಾನು ಎಂಜಿನ್ ನೋಡಬೇಕು. ನಾಳೆ ಕರೀಲಿಕ್ಕೆ ಬಾ."

ಜಟ್ಟು ಹಳೇ ಸ್ಟಾರ್ಟರನ್ನು ವಾಪಸು ಮನೆಗೆ ಹೊತ್ತು ತಂದಾಗ ಮಾಸ್ತಮ್ಮ ಹಣೆ ಹಣೆ ಬಡಿದುಕೊಂಡಳು. "ಎಂತಾ ಮಾಡ್ದೆಯೋ! ಜೊತೆಲಿ ತಕಂಡು ಹೋಗೂದನ್ನ ನೀರು ಕಂಡ ಕೂಡಲೇ ತಲೆ ಮೇಲೆ ಎತ್ತಿಕೊಳ್ಳೂದಲ್ದಾ?"

"ಆಯ್ತಮ್ಮಾ. ನೀರು ಕಂಡ್ರೆ ತಲೆ ಮೇಲೆ."

ಮರುದಿನ ಜಟ್ಟು ಮೇಸ್ತ್ರಿಯನ್ನು ಕರೆತರಲು ಹೋದ. ಬಸ್ಸು ತಪ್ಪಿತ್ತು, ಇಬ್ಬರೂ ನಡೆದೇ ಹೊರಟರು. ಸೇತುವೆ ಬಂತು. ಜಟ್ಟು ಬಗ್ಗಿ ನೋಡಿದ. ಕೆಳಗೆ ನೀರು! ಎತ್ತಿದ ಮೇಸ್ತ್ರಿಯನ್ನು, ಇಟ್ಟ ತಲೆ ಮೇಲೆ.

"ಇಳಿಸೋ!"

"ನೀರು ಉಂಟು."

"ನೀರು ಕೆಳಗೆ ಉಂಟೋ!"

"ಅದಕ್ಕೇ ನೀವು ಮೇಲೆ."

ಸೇತುವೆಯ ಉದ್ದಕ್ಕೂ ಲಾರಿಗಳು ನಿಂತು ನೋಡಿದವು. ಈಚೆ ದಡದಲ್ಲಿ ಇಳಿದಾಗ ಮೇಸ್ತ್ರಿಯ ಸೊಂಟ ಹಿಡಿದುಹೋಗಿತ್ತು. ಕುಂಟುತ್ತಾ ಎಂಜಿನ್ ನೋಡಿ, "ನಾಳೆ ಪೇಟೆಯ ಅಂಗಡಿಯಲ್ಲಿ ಹೊಸ ಸ್ಟಾರ್ಟರ್ ತೆಗೆದಿರಿಸ್ತೇನೆ. ಇವನನ್ನು ಮಾತ್ರ ನನ್ನ ಹತ್ರ ಬಿಡಬೇಡಿ," ಅಂತ ರಿಕ್ಷಾ ಹತ್ತಿ ಹೋದ.

"ಅಯ್ಯೋ ನನ್ನ ಕರ್ಮವೇ," ಅಂದಳು ಮಾಸ್ತಮ್ಮ. "ನಮ್ಮ ಕೆಲಸಕ್ಕೆ ಅಂತ ಪೇಟೆಯಿಂದ ಕರೆದು ತರುವಾಗ ಮರ್ಯಾದೆ ಬೇಡವಾ? ಬಸ್ಸಲ್ಲಿ ಕಿಟಕಿ ಪಕ್ಕ ಕೂರಿಸಬೇಕು. ಟಿಕೇಟು ನಾವು ತೆಗೀಬೇಕು. ಇಳಿದ ಕೂಡಲೇ ಬಿಸಿ ಚಾ ಕುಡಿಸಬೇಕು."

"ಆಯ್ತಮ್ಮಾ. ಕಿಟಕಿ, ಟಿಕೇಟು, ಚಾ."

ನೀವು ನಗುತ್ತಿದ್ದೀರಿ. ಮುಂದಿನದು ಗೊತ್ತಾಯಿತಲ್ಲ? ಮೂರನೇ ದಿನ ಜಟ್ಟು ಅಂಗಡಿಯಿಂದ ಹೊಸ ಸ್ಟಾರ್ಟರ್ ತಂದ. ಕಿಟಕಿ ಪಕ್ಕ ಕೂರಿಸಿದ. ಗಾಳಿ ಬರಲಿ ಅಂತ ಪೆಟ್ಟಿಗೆಯ ಮುಚ್ಚಳ ತೆಗೆದ.

"ಎಷ್ಟು ಜನ?" ಅಂದ ಕಂಡಕ್ಟರ್.

"ಇಬ್ರು."

ಬಸ್ಸಿಳಿದು ಹೋಟೆಲಿಗೆ ಹೋಗಿ ಎರಡು ಚಾ ಹೇಳಿದ. ಒಂದನ್ನು ತಾನು ಕುಡಿದ. ಇನ್ನೊಂದನ್ನು ಸ್ಟಾರ್ಟರಿನ ತೂತಿಗೆ, ಬಿಸಿ ಆರುವ ಮೊದಲೇ, ನಿಧಾನವಾಗಿ, ಮರ್ಯಾದೆಯಿಂದ ಹೊಯ್ದ.

ಮಾಸ್ತಮ್ಮ ಪೆಟ್ಟಿಗೆ ತೆರೆದಳು. ಏಲಕ್ಕಿ ಪರಿಮಳ ಬಂತು. ಅವಳು ಅಲ್ಲೇ ಕೂತುಬಿಟ್ಟಳು. ನಾಳೆಯೇ ಮೊದಲ ದಿನ. ಈ ಮಗನನ್ನು ಕಟ್ಟಿಕೊಂಡು, ಆಳಿಲ್ಲದ ಬೋಟು ಇಟ್ಟುಕೊಂಡು ಎಲ್ಲಿಗೆ ಹೋಗಲಿ ಅಂತ ಸೆರಗಿಗೆ ಕಣ್ಣೊತ್ತಿದಳು. ತಾಂಡೇಲನೇ ಮೇಸ್ತ್ರಿಗೆ ಫೋನು ಮಾಡಿದ. ಪಾಸ್ಕಲ್ ಮೇಸ್ತ್ರಿ ಬಾಯಿ ಜೋರು, ಮನಸ್ಸು ಒಳ್ಳೆಯದು. ನೋವಿನ ಸೊಂಟಕ್ಕೆ ಪಟ್ಟಿ ಸುತ್ತಿಕೊಂಡೇ ಬಂದ. ಸ್ಟಾರ್ಟರ್ ಬಿಚ್ಚಿದ, ಒರೆಸಿದ, ಗಾಳಿ ಹೊಡೆದು ಒಣಗಿಸಿದ. ಜಟ್ಟು ಪಾನಾ, ಬೋಲ್ಟು ಎತ್ತಿ ಎತ್ತಿ ಕೊಟ್ಟ. ಆದರೆ ತಿರುಗಿ ಇಡುವಾಗ ಹತ್ತರ ಪಾನಾ ಬಲೆಯೊಳಗೆ, ಬೋಲ್ಟು ಅನ್ನದ ಪಾತ್ರೆಯಲ್ಲಿ.

ಮೇಸ್ತ್ರಿಗೆ ರೇಗಿತು. "ಕೇಳೋ ಇಲ್ಲಿ! ಬಿಚ್ಚಿದ್ದನ್ನು ಬಿಚ್ಚಿದ ಜಾಗಕ್ಕೇ ಹಾಕಬೇಕು. ತಂದದ್ದನ್ನು ತಂದ ಜಾಗಕ್ಕೇ ಇಡಬೇಕು. ಕೊನೆಗೆ ಕೈಯಲ್ಲಿ ಒಂದು ಬೋಲ್ಟೂ ಉಳೀಬಾರದು. ತಿಳೀತಾ?"

"ತಿಳೀತು. ಒಂದು ಬೋಲ್ಟೂ ಉಳೀಬಾರದು."

ಹೊಸ ಸ್ಟಾರ್ಟರ್ ಕೂತಿತು. ಮೇಸ್ತ್ರಿ ಬ್ಯಾಟರಿಯ ವೈರು ಬಿಗಿದು ಕೀಲಿ ತಿರುಗಿಸಿದ. ಗರ್ರ್... ಧಡ ಧಡ ಧಡ! ಎಂಜಿನ್ ಎದ್ದಿತು. ಹೊಗೆ ಎದ್ದಿತು. ಬೋಟು ನಿಲ್ಲುವ ಧಕ್ಕೆಯ ಜನ ಕೇಕೆ ಹಾಕಿದರು. ಮಾಸ್ತಮ್ಮ ಮೇಸ್ತ್ರಿಗೂ ಕೈಮುಗಿದಳು, ಎಂಜಿನ್ನಿಗೂ ಕೈಮುಗಿದಳು. "ಜಟ್ಟೂ, ಬೋಟು ನೋಡಿಕೋ," ಅಂತ ಹೇಳಿ ಪೂಜೆಗೆ ಹೂವು, ಕಾಯಿ ತರಲು ಹೊರಟಳು. ಜಟ್ಟು ಎಂಜಿನನ್ನು ಬಹಳ ಹೊತ್ತು ನೋಡಿದ.

ಬೆಳಗಾಯಿತು. ಎಲ್ಲ ಬೋಟುಗಳಿಗೂ ಬಾವುಟ, ಎಲ್ಲ ಬೋಟುಗಳಿಗೂ ಹೂವಿನ ಹಾರ. ಒಂದೊಂದಾಗಿ ಎಂಜಿನ್‌ಗಳು ಎದ್ದವು. ಸುಬ್ರಾಯ ತಾಂಡೇಲ ಹೊಸ ಅಂಗಿ ತೊಟ್ಟು ಬಂದ, ಹಿಂದೆ ಆಳುಗಳು ಗಂಟುಮೂಟೆ ಸಮೇತ. ಮಾಸ್ತಮ್ಮ ನೀರಿಗೆ ಕಾಯಿ ಬಿಟ್ಟು ಬೋಟು ಹತ್ತಿದಳು. ತಾಂಡೇಲ ದೇವರನ್ನು ನೆನೆದು ಕೀಲಿ ತಿರುಗಿಸಿದ.

ಟಕ್.

ಮತ್ತೆ ತಿರುಗಿಸಿದ.

ಟಕ್.

ಎಲ್ಲರೂ ಜಟ್ಟುವಿನ ಮುಖ ನೋಡಿದರು. ಜಟ್ಟು ಎರಡೂ ಅಂಗೈ ಬಿಚ್ಚಿ ತೋರಿಸಿದ. ಖಾಲಿ. ಅವನಿಗೆ ಹಿಗ್ಗೋ ಹಿಗ್ಗು.

"ನೋಡಮ್ಮಾ, ಒಂದು ಬೋಲ್ಟೂ ಉಳಿದಿಲ್ಲ! ಇಲ್ಲಿಂದ ಬಿಚ್ಚಿದ ಹಳೇ ಸ್ಟಾರ್ಟರ್ ಇಲ್ಲಿಗೇ ಹಾಕ್ದೆ. ಅಂಗಡಿಯಿಂದ ತಂದ ಹೊಸದನ್ನ ನಿನ್ನೆ ಸಂಜೆ ಬಸ್ಸಲ್ಲಿ ತಕಂಡು ಹೋಗಿ ಅಂಗಡೀಲೇ ಇಟ್ಟು ಬಂದೆ. ಕಿಟಕಿ ಪಕ್ಕವೇ ಕೂರಿಸಿದ್ದೆ. ಚಾ ಮಾತ್ರ ಕೊಡ್ಲಿಲ್ಲ, ಕೆಲಸಕ್ಕೆ ಬಂದದ್ದಲ್ಲ, ಮನೆಗೆ ಹೋಗೂದಲ್ಲವಾ?"

ಮುಂದಿನ ಬೋಟು ಅಳಿವೆ ದಾಟಿತು. ಅದರ ಹಿಂದಿನದೂ ದಾಟಿತು. ಮಾಸ್ತಮ್ಮ ತಾಂಡೇಲನ ಕೈ ಹಿಡಿದುಕೊಂಡಳು. "ಒಂದು ತಾಸು ನಿಲ್ಲು ತಮ್ಮಾ, ನಿನ್ನ ಕಾಲಿಗೆ ಬೀಳ್ತೆ."

ತಾಂಡೇಲ ನೀರಿನ ಇಳಿತ ನೋಡಿದ. "ಒಂದೇ ತಾಸು, ಮಾಸ್ತಕ್ಕಾ. ಇಳಿತ ಮುಗಿದ್ರೆ ನಾನು ಆಚೆ ಬೋಟಿಗೆ."

ಮಾಸ್ತಮ್ಮನಿಗೆ ಜೀವ ಬಂತು. ಜೀವ ಬಂದದ್ದೇ ಬುದ್ಧಿ ಹೋಯಿತು. ಆಚೆ ದಡದ ಪೇಟೆಯತ್ತ ಕೈ ತೋರಿಸಿ ಕೂಗಿದಳು: "ಓಡೋ ಜಟ್ಟೂ! ಹೊಸ ಸ್ಟಾರ್ಟರ್ ತಕಂಡು ಬಾ! ಎಲ್ಲೂ ನಿಲ್ಲಬೇಡ, ನೆಟ್ಟಗೆ ಹೋಗು!"

ದುಡುಮ್.

ಬೋಟಿನಲ್ಲಿದ್ದವರ ಮೈಮೇಲೆಲ್ಲ ನೀರು ಹಾರಿತು. ಸುಬ್ರಾಯ ತಾಂಡೇಲ ಹೊಸ ಅಂಗಿಯ ನೀರು ಒರೆಸಿಕೊಂಡ, ತನ್ನ ಗಂಟು ಎತ್ತಿಕೊಂಡ, ಪಕ್ಕದ ಬೋಟಿಗೆ ಕಾಲಿಟ್ಟ. ಹಿಂದೆಯೇ ಆಳುಗಳೂ ಹೋದರು.

ಹೊಳೆಯ ನಡುವಿನಿಂದ ಜಟ್ಟು ಒಮ್ಮೆ ತಲೆ ಎತ್ತಿ ಕೂಗಿದ:

"ಹೆದರಬೇಡಮ್ಮಾ, ಬರುವಾಗ ತಲೆ ಮೇಲೆ ಎತ್ತಿಕೊಳ್ತೆ!"