ನಕ್ಷೆಯಿಂದ ಅಳಿಸಿದ ಮೆಟ್ಟಿಲು

"ಗುರುಗಳೇ, ಜಪಕ್ಕೆ ಕುಳಿತರೂ ಭಯ, ಎದ್ದರೂ ಭಯ. ಇದನ್ನು ಕಳೆದುಕೊಳ್ಳುವುದು ಹೇಗೆ?" ಎಂದು ಶಿಷ್ಯ ನಿರಂಜನ ಕೇಳಿದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ಇಂಜಿನಿಯರ್ ಇದ್ದ. ಏಳು ಅಂತಸ್ತಿನ ಅಪಾರ್ಟ್‌ಮೆಂಟ್ ಒಂದಕ್ಕೆ ನಕ್ಷೆ ಬರೆದ. ಎರಡು ಕಡೆ ಮೆಟ್ಟಿಲು ಇಟ್ಟ. ಒಂದು ಲಿಫ್ಟಿನ ಪಕ್ಕದಲ್ಲಿ, ಇನ್ನೊಂದು ಹಿಂಬದಿಯಲ್ಲಿ, ಬೆಂಕಿ ಬಿದ್ದರೆ ಇಳಿದು ಹೋಗಲು. ಬಿಲ್ಡರ್ ನಕ್ಷೆ ನೋಡಿ, "ಲಿಫ್ಟ್ ಇರುವಾಗ ಎರಡೆರಡು ಮೆಟ್ಟಿಲು ಯಾಕೆ? ಹಿಂದಿನದು ತೆಗೆದರೆ ಅಂತಸ್ತಿಗೊಂದು ಕೋಣೆ ಬರುತ್ತದೆ" ಎಂದ. ಇಂಜಿನಿಯರ್ ಎದುರಾಡಲಿಲ್ಲ. ಹಿಂದಿನ ಮೆಟ್ಟಿಲನ್ನು ಅಳಿಸಿ ರುಜು ಹಾಕಿದ.

ಎರಡು ವರ್ಷ ಕಳೆಯಿತು. ಅವನ ಅಕ್ಕ ಅದೇ ಕಟ್ಟಡದ ಏಳನೆಯ ಅಂತಸ್ತಿನಲ್ಲಿ ಮನೆ ಕೊಂಡಳು. ತಮ್ಮ ಕಟ್ಟಿದ್ದು ಎಂಬ ಹೆಮ್ಮೆಯಿಂದಲೇ ಕೊಂಡಳು.

ಅಂದಿನಿಂದ ಅವನಿಗೆ ಭಯ ಹಿಡಿಯಿತು. ರಸ್ತೆಯಲ್ಲಿ ಅಗ್ನಿಶಾಮಕದ ಗಾಡಿಯ ಸದ್ದು ಕೇಳಿದರೆ ಸ್ಕೂಟರ್ ನಿಲ್ಲಿಸಿ ಅಕ್ಕನಿಗೆ ಫೋನ್ ಮಾಡುತ್ತಿದ್ದ. ಅವಳ ಮನೆಗೆ ಹೋದರೆ ಮೊದಲು ಮೆಟ್ಟಿಲ ಬುಡದ ಮೀಟರ್ ಬೋರ್ಡನ್ನು ಮುಟ್ಟಿ ನೋಡುತ್ತಿದ್ದ. ಅಲ್ಲಿ ಬೆಂಕಿ ಹತ್ತಿದರೆ ಹೊಗೆ ಆ ಒಂದೇ ಮೆಟ್ಟಿಲಿನ ಗೂಡಿನಲ್ಲಿ ಮೇಲಕ್ಕೇರುತ್ತದೆಂದು ಅವನಿಗೆ ಗೊತ್ತಿತ್ತು. ತಾಯಿತ ಕಟ್ಟಿಸಿಕೊಂಡ. ವೈದ್ಯರಿಗೆ ತೋರಿಸಿದ. ಭಯ ಜಗ್ಗಲಿಲ್ಲ.

ಒಂದು ಭಾನುವಾರ ನಿವಾಸಿಗಳ ಸಭೆಗೆ ಹೋಗಿ ನಿಂತ. "ಈ ಕಟ್ಟಡದಲ್ಲಿ ಹೊರಗೆ ಬರಲು ಇನ್ನೊಂದು ದಾರಿ ಇರಬೇಕಿತ್ತು. ಅದನ್ನು ಅಳಿಸಿದವನು ನಾನು" ಎಂದ.

ಜನ ಮೈಮೇಲೆ ಬಿದ್ದರು. ಪೊಲೀಸರಿಗೆ ದೂರು ಕೊಡೋಣ ಎಂದರು. ಅಕ್ಕ ಮಾತ್ರ ಮೆಲ್ಲಗೆ ಕೇಳಿದಳು, "ನಾನು ಮನೆ ಕೊಂಡ ದಿನವೇ ಯಾಕೆ ಹೇಳಲಿಲ್ಲ?"

"ಹೇಳಿದ ಮೇಲೆ ನಿನ್ನ ಮುಖ ನೋಡುವುದು ಹೇಗೆ ಅನ್ನಿಸಿತು, ಅಕ್ಕ."

ಅವಳು ಬಹಳ ದಿನ ಅವನೊಡನೆ ಮಾತು ಬಿಟ್ಟಳು. ಆದರೆ ಹೊರಗಿನಿಂದ ಹೊಸ ಮೆಟ್ಟಿಲು ಕಟ್ಟೋಣವೆಂದು ಅವನು ಹೇಳಿದಾಗ ತನ್ನ ಮನೆಯ ಹಿಂದಿನ ಬಾಲ್ಕನಿಯನ್ನು ಎಲ್ಲರಿಗಿಂತ ಮೊದಲು ಬಿಟ್ಟುಕೊಟ್ಟವಳೂ ಅವಳೇ. ಅವಳನ್ನು ನೋಡಿ ಉಳಿದವರೂ ಬಿಟ್ಟುಕೊಟ್ಟರು. ಹಿಂಬದಿಯ ಗೋಡೆಗೆ ಅಂಟಿಕೊಂಡು ಮೆಟ್ಟಿಲು ಎದ್ದಿತು. ಹೊಗೆ ಒಳನುಗ್ಗದಂತೆ ಅಂತಸ್ತಿಗೊಂದು ಬಾಗಿಲು, ತಳ್ಳಿದರೆ ತೆರೆದು ತಾನಾಗಿ ಮುಚ್ಚಿಕೊಳ್ಳುವಂಥದ್ದು.

ಮರುವರ್ಷ ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ, ಮೀಟರ್ ಬೋರ್ಡು ಹೊತ್ತಿಕೊಂಡಿತು. ಲಿಫ್ಟ್ ನಿಂತಿತು. ಒಳಗಿನ ಮೆಟ್ಟಿಲಲ್ಲಿ ಕಣ್ಣು ಕಾಣದಷ್ಟು ಹೊಗೆ. ಸುದ್ದಿ ತಿಳಿದೊಡನೆ ಇಂಜಿನಿಯರ್ ಓಡಿ ಬಂದು ಹಿಂದಿನ ಮೆಟ್ಟಿಲ ಬುಡದಲ್ಲಿ ನಿಂತ. ಕೂಸುಗಳನ್ನು ಎತ್ತಿಕೊಂಡವರು ಇಳಿದರು. ಮುದುಕರೊಬ್ಬರನ್ನು ಕುರ್ಚಿ ಸಮೇತ ಹೊತ್ತು ತಂದರು. ಆರನೆಯ ಅಂತಸ್ತಿನವರೂ ಬಂದರು. ಏಳನೆಯ ಅಂತಸ್ತಿನಿಂದ ಯಾರೂ ಬರಲಿಲ್ಲ. ಇಳಿದು ಬಂದವರನ್ನೆಲ್ಲ ಅಕ್ಕನನ್ನು ಕಂಡಿರಾ ಎಂದು ಕೇಳಿದ.

ಬಹಳ ಹೊತ್ತಿನ ಮೇಲೆ ಅಕ್ಕ ಕಂಡಳು. ಮಂಡಿನೋವಿನ ನೆರೆಮನೆಯ ಅಜ್ಜಿಯನ್ನು ಹೆಗಲಿಗೆ ಆನಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಅವನ ಮುಂದೆ ನಿಂತು, "ಮೇಲೆ ಇನ್ಯಾರೂ ಇಲ್ಲ ಕಣೋ" ಎಂದಳು.

ಇಷ್ಟು ಹೇಳಿ ಗುರುಗಳು ಶಿಷ್ಯನತ್ತ ನೋಡಿದರು.

"ಅಂತೂ ಅಂದಿಗೆ ಅವನ ಭಯ ಹೋಯಿತಲ್ಲ" ಎಂದ ನಿರಂಜನ.

"ಇಲ್ಲಪ್ಪ, ಹಾಗೆಯೇ ಮೆಟ್ಟಿಲು ಅಳಿಸಿ ಅವನು ರುಜು ಹಾಕಿದ ಕಟ್ಟಡಗಳು ಊರಿನಲ್ಲಿ ಇನ್ನೂ ಹನ್ನೊಂದಿದ್ದವು, ಮರುದಿನ ಆ ಭಯವೇ ಅವನನ್ನು ಅವುಗಳಲ್ಲೊಂದರ ಬಾಗಿಲಿಗೆ ಕರೆದುಕೊಂಡು ಹೋಯಿತು."