ಬೇರೆ ಚಂದ್ರಿಕೆ

ಮಾರ್ಚ್ ಹತ್ತು, ಸೋಮವಾರ. ಬಿಸಿಲಿತ್ತು, ಗಾಳಿ ಇರಲಿಲ್ಲ.

ಮಠದ ಜಗಲಿಯಲ್ಲಿ ಇಬ್ಬರು ಶಿಷ್ಯರು ಬೆಳಗಿನಿಂದ ವಾದಿಸುತ್ತಿದ್ದರು. ಕೊನೆಗೆ ಒಬ್ಬ ಗುರುಗಳನ್ನು ಕೇಳಿದ:

“ಗುರುಗಳೇ, ಮುಂದೆ ಬರಬಹುದಾದ ಸಾಂಕ್ರಾಮಿಕಕ್ಕೆ ಈಗಲೇ ಮದ್ದು ಹುಡುಕಬೇಕೆಂದು ವಿಜ್ಞಾನಿಗಳು ವೈರಸ್ಸನ್ನು ಪ್ರಯೋಗಾಲಯದಲ್ಲಿ ಇನ್ನಷ್ಟು ಬಲಪಡಿಸಿ ನೋಡುತ್ತಾರಂತೆ. ನಾನು ಸರಿ ಎನ್ನುತ್ತೇನೆ, ಇವನು ತಪ್ಪು ಎನ್ನುತ್ತಾನೆ. ನೀವು ಹೇಳಿ.”

“ಊಟಕ್ಕೂ ಏಳದೆ ಇದನ್ನೇ ಮಾತಾಡಿದಿರಾ? ಕೂತುಕೊಳ್ಳಿ” ಎಂದು ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಎಲ್ಲರೂ ರೇಷ್ಮೆ ಹುಳು ಸಾಕುತ್ತಿದ್ದರು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಎನ್ನುತ್ತಾರೆ. ಊರಿನಲ್ಲಿ ಚಂದ್ರಿಕೆಗಳು ಕೆಲವೇ ಇದ್ದವು. ಒಂದು ಮನೆಯಲ್ಲಿ ಗೂಡು ಬಿಡಿಸಿದ ಮೇಲೆ ಇನ್ನೊಂದು ಮನೆಗೆ ಹೋಗುತ್ತಿದ್ದವು.

ಹಾಲುತೊಂಡೆ ರೋಗ ಬಂದರೆ ಹುಳು ಊದಿ, ಒಡೆದು ಸಾಯುತ್ತದೆ. ಅದಕ್ಕೆ ಮದ್ದು ಕಂಡುಹಿಡಿಯುತ್ತೇನೆಂದು ಒಬ್ಬ ರೈತ ಹಿಂದಿನ ಕೋಣೆಯಲ್ಲಿ ರೋಗದ ಹುಳುಗಳನ್ನು ಇಟ್ಟುಕೊಂಡ. ಬೇಗ ಸತ್ತ ಹುಳುವಿನ ರಸವನ್ನು ಸೊಪ್ಪಿಗೆ ಸವರಿ ಗಟ್ಟಿ ಹುಳುಗಳಿಗೆ ತಿನ್ನಿಸಿದ. ಅವುಗಳಲ್ಲೂ ಬೇಗ ಸತ್ತದ್ದನ್ನು ಆರಿಸಿ ಮತ್ತೆ ಹಾಗೆಯೇ ಮಾಡಿದ. ರೋಗ ಜೋರಾಗುತ್ತ ಹೋಯಿತು. ಬದುಕುಳಿದ ಹುಳುಗಳಿಗೆ ಅವನು ಊರಿನ ಚಂದ್ರಿಕೆಯನ್ನೇ ತರುತ್ತಿದ್ದ.

ಪಕ್ಕದ ಮನೆಯ ಹೆಂಗಸು ಬಹಳ ವರ್ಷ ಬೇರೆಯವರ ಹುಳುಗಳಿಗೆ ಸೊಪ್ಪು ಹಾಕುವ ಕೂಲಿ ಮಾಡಿದವಳು. ಆ ವರ್ಷ ಮೊದಲ ಸಲ ಸ್ವಂತ ಹುಳು ಸಾಕಿದ್ದಳು. ಅವಳು ಚಾವಡಿಗೆ ಬಂದು ಆ ರೈತನಿಗೆ ಹೇಳಿದಳು: “ನೀನು ಏನಾದರೂ ಮಾಡಿಕೊಳ್ಳಣ್ಣ. ಚಂದ್ರಿಕೆ ಮಾತ್ರ ಬೇರೆ ಮಾಡಿಸಿಕೋ. ನಿನ್ನ ಮನೆಯಿಂದ ಅದು ನೇರ ನನ್ನ ಮನೆಗೇ ಬರೋದು.”

“ನಾನು ಯಾಕಮ್ಮ ಮಾಡಿಸಲಿ? ಊರಿಗೋಸ್ಕರ ಒದ್ದಾಡುತ್ತಿರೋನು ನಾನು. ಊರೇ ಮಾಡಿಸಿಕೊಡಲಿ.”

“ಊರು ನಿನ್ನನ್ನು ಕೇಳಿಕೊಂಡಿತ್ತಾ?” ಎಂದ ಒಬ್ಬ ಹಿರಿಯ.

“ರೋಗ ಬಂದಾಗ ನನ್ನ ಬಾಗಿಲಿಗೇ ಬರುತ್ತೀರಲ್ಲ, ಆಗ ಹೇಳುತ್ತೇನೆ.”

ಚಾವಡಿ ಎರಡಾಯಿತು. ಕೋಣೆಗೆ ಬೀಗ ಹಾಕಿಸಿ ಎಂದರು ಕೆಲವರು. ನಿಮಗೆ ಮದ್ದು ಬೇಡವೇ ಎಂದರು ಇನ್ನು ಕೆಲವರು. ಜ್ಞಾನ ದೊಡ್ಡದೋ ಜೀವ ದೊಡ್ಡದೋ ಎಂದು ಮಾತು ಬೆಳೆಯಿತು. ದಿನಾ ಸಂಜೆ ಸೇರಿದರು. ಬಿದಿರು ಹೆಣೆಯುವ ಮೇದಾರನ ಮನೆ ಚಾವಡಿಯ ಎದುರಿಗೇ ಇತ್ತು. ಒಂದು ಚಂದ್ರಿಕೆ ಹೆಣೆದುಕೊಡು ಎಂದು ಅವನಿಗೆ ಯಾರೂ ಹೇಳಲಿಲ್ಲ.

ಅಷ್ಟರಲ್ಲಿ ಹೆಂಗಸಿನ ಹುಳುಗಳು ಹಣ್ಣಾದವು. ಹಣ್ಣಾದ ಹುಳು ಯಾರ ತೀರ್ಮಾನಕ್ಕೂ ಕಾಯುವುದಿಲ್ಲ. “ಚೆನ್ನಾಗಿ ತೊಳೆದಿದ್ದೇನಮ್ಮ, ಹೆದರಬೇಡ” ಎಂದು ರೈತ ಚಂದ್ರಿಕೆ ಕೊಟ್ಟ. ಅವಳು ಒಯ್ದಳು. ಆ ಬೆಳೆ ಗೂಡು ಕಟ್ಟಿತು. ಚಂದ್ರಿಕೆ ಆಚೆ ಮನೆಗೆ ಹೋಯಿತು, ಅಲ್ಲಿಂದ ಇನ್ನೊಂದು ಮನೆಗೆ. ಮುಂದಿನ ಬೆಳೆಯಲ್ಲಿ ಮೊದಲು ಅವಳ ಹುಳುಗಳು ಊದಿದವು, ಆಮೇಲೆ ಊರಿನವೆಲ್ಲ.

“ಬರುತ್ತದೆ ಅಂತ ನಾನು ಹೇಳಿರಲಿಲ್ಲವೇ?” ಎಂದ ರೈತ.

ಗುರುಗಳು ಕತೆ ನಿಲ್ಲಿಸಿದರು.

“ರೋಗ ಅವನ ಕೋಣೆಯಿಂದಲೇ ಬಂತೆಂದು ತೀರ್ಮಾನವಾಯಿತೇ?” ಎಂದ ಶಿಷ್ಯ.

“ಅದನ್ನು ವಾದಿಸಲಿಕ್ಕೂ ಚಾವಡಿಯಲ್ಲಿ ಸೇರಿದರು. ಅಷ್ಟರಲ್ಲಿ ಅವನು ಕೋಣೆ ತೊಳೆದು ಸುಣ್ಣ ಬಳಿದಿದ್ದ, ನೋಡಲು ಏನೂ ಉಳಿದಿರಲಿಲ್ಲ.”

“ಹಾಗಾದರೆ ಆ ಬೇರೆ ಚಂದ್ರಿಕೆ? ಅದನ್ನು ಕೊನೆಗೆ ಯಾರು ಮಾಡಿಸಿದರು?”

“ಊರಿನ ಹುಳು, ಚಂದ್ರಿಕೆ ಎಲ್ಲವನ್ನೂ ಸುಟ್ಟ ಮೇಲೆ ಎಲ್ಲರೂ ಮನೆಗೊಂದು ಮಾಡಿಸಿದರು, ಆ ಹೆಂಗಸಿಗೆ ಮಾತ್ರ ಬೇಕಾಗಲಿಲ್ಲ. ಅವಳು ಮತ್ತೆ ಬೇರೆಯವರ ಹುಳುಗಳಿಗೆ ಸೊಪ್ಪು ಹಾಕುವ ಕೂಲಿಗೆ ಹೋಗಿದ್ದಳು.”